ಆಯಿ ಶಿಂದಿ ಬಿಟ್ಟ ನಾಲ್ಕನೆಯ ದಿನ

“ಇರಿವಿ ಝಾಡ್ಸು, ಚಂದು. ಕಾಲಮ್ಯಾಲ ಹತ್ತಾಕತ್ತಾವ.”

ಆಯಿ, ಚಂದಮ್ಮನ ಅಜ್ಜಿ, ಆಸ್ಪತ್ರೆಯ ಮಂಚದ ಮೇಲೆ ಕೂತು ಚಾದರವನ್ನು ಒಂದೇ ಸಮನೆ ಜಾಡಿಸುತ್ತಿದ್ದಳು. ಅಲ್ಲಿ ಒಂದು ಇರುವೆಯೂ ಇರಲಿಲ್ಲ. ಎರಡು ದಿನದಿಂದ ಅದನ್ನೇ ಹೇಳಿ ಹೇಳಿ ಚಂದಮ್ಮ ಸೋತಿದ್ದಳು.

ಕಮಲಾಪುರದ ಓಣಿಯವರು ಗಾಳಿ ಸೋಕಿದೆ ಎಂದಿದ್ದರು. ನಿಂಬೆಹಣ್ಣು ನಿವಾಳಿಸಿದರೂ ಕಡಿಮೆಯಾಗಲಿಲ್ಲ. ಇವತ್ತು ಬೆಳಿಗ್ಗೆ ಆಯಿ ಮಗನಾದ ಅಪ್ಪನ ಗುರುತನ್ನೇ ಹಿಡಿಯಲಿಲ್ಲ. ಆಗ ಅಪ್ಪ ಅವಳನ್ನು ಓಣಿಯ ಲಾಲ್ ಅಹ್ಮದನ ಜೀಪಿನಲ್ಲಿ ಕೂರಿಸಿಕೊಂಡು ಕಲಬುರ್ಗಿಯ ಸೇಡಂ ರಸ್ತೆಯ ಈ ಆಸ್ಪತ್ರೆಗೆ ತಂದಿದ್ದ. ಚಂದಮ್ಮ ಹಟ ಮಾಡಿ ಜೀಪು ಹತ್ತಿದ್ದಳು.

ಡಾಕ್ಟರ್ ಬುರ್ಹಾನುದ್ದೀನ್ ಆಯಿಯ ನಾಡಿ ಹಿಡಿದು ನೋಡಿದರು. “ಇವರು ಶಿಂದಿ, ಕಳ್ಳು ಕುಡೀತಿದ್ರೇನು?”

“ಇಲ್ರೀ ಸಾಹೇಬ್ರ. ನಮ್ಮ ಮನ್ಯಾಗ ಯಾರೂ ಮುಟ್ಟಂಗಿಲ್ರೀ,” ಎಂದ ಅಪ್ಪ, ನೆಲ ನೋಡುತ್ತ. ಪಕ್ಕದ ಮಂಚದವರು ಇತ್ತಲೇ ಕಿವಿಗೊಟ್ಟಿದ್ದರು.

“ಖರೇ ಹೇಳ್ರಿ. ಕುಡಿಯೋದು ಒಮ್ಮೆಲೆ ಬಿಟ್ಟಿದ್ರ ಔಷಧನೇ ಬ್ಯಾರೆ. ತಡ ಆದ್ರ ಫಿಟ್ಸ್ ಬರ್ತದ, ಜೀವಕ್ಕ ಧೋಕಾ ಅದ.”

ಅಪ್ಪ ಪಕ್ಕದ ಮಂಚದ ಕಡೆ ಒಮ್ಮೆ ನೋಡಿ ಮತ್ತೆ ತಲೆ ತಗ್ಗಿಸಿದ.

ಚಂದಮ್ಮನಿಗೆ ನಿಜ ಗೊತ್ತಿತ್ತು. ಹೇಳಿದರೆ ಎಲ್ಲವನ್ನೂ ಹೇಳಬೇಕಿತ್ತು. ಸೋಮವಾರ ಆಯಿ ಶಾಲೆಗೆ ಬುತ್ತಿ ತಂದಾಗ ಕ್ಲಾಸಿನ ಹುಡುಗಿಯರು ಮೂಗು ಮುಚ್ಚಿಕೊಂಡು, “ಚಂದಿ ಆಯಿ ಬಂದ್ಲು, ಶಿಂದಿ ಆಯಿ ಬಂದ್ಲು” ಎಂದು ಹಾಡಿದ್ದರು. ಅದೇ ಸಂಜೆ ಅವಳು ಆಯಿಯ ಕೈಯನ್ನು ತನ್ನ ತಲೆಯ ಮೇಲೆ ಇಟ್ಟುಕೊಂಡು ಆಣೆ ಮಾಡಿಸಿದ್ದಳು. ತಲೆ ಮುಟ್ಟಿ ಮಾಡಿದ ಆಣೆ ತಪ್ಪಿದರೆ ಆ ತಲೆಗೇ ಕೇಡು ಎಂದು ಆಯಿ ನಂಬಿದ್ದಳು. ಚಂದಮ್ಮ ಆಣೆ ಮಾಡಿಸಿದ್ದು ಆಯಿಯ ಮೈ ಕೆಡುತ್ತದೆ ಎಂದಲ್ಲ. ತನಗೆ ನಾಚಿಕೆಯಾಗುತ್ತದೆ ಎಂದು.

“ಕುಡೀತಿದ್ಲ್ರೀ,” ಎಂದಳು ಚಂದಮ್ಮ. “ದಿನಾ ಎರಡು ಸಲ. ಸೋಮವಾರ ಬಿಟ್ಟಾಳ. ನಾನೇ ಆಣಿ ಹಾಕಿ ಬಿಡಿಸೀನ್ರೀ.”

ಅಪ್ಪ ತಲೆಯೆತ್ತಲಿಲ್ಲ. ಡಾಕ್ಟರು ನರ್ಸಿಗೆ ಇಂಜೆಕ್ಷನ್ ತರಲು ಹೇಳಿ ಚಂದಮ್ಮನ ಕಡೆ ಬಾಗಿದರು.

“ಅಂಗಡಿ ಶಿಂದ್ಯಾಗ ಪೌಡರ್ ಕಲಸಿರ್ತಾರ, ಬೇಟಿ. ಅದು ಮಿದುಳಿಗೆ ಮಂಪರು ತರ್ತದ. ಮಿದುಳು ಎಚ್ಚರ ಇರ್ಬೇಕಂತ ತನ್ನ ಎಚ್ಚರದ ರಸ ಜಾಸ್ತಿ ಮಾಡ್ಕೋತದ. ಪೌಡರ್ ಒಮ್ಮೆಲೆ ನಿಂತ್ರ ಆ ರಸಾ ತಡೆಯೋರೇ ಇಲ್ಲ. ಆಗ ಇಲ್ಲದ್ದೆಲ್ಲ ಕಾಣ್ತದ. ಇದು ಗಾಳಿ ಅಲ್ಲ.”

“ನಾ ಬಿಡಿಸಿದ್ದಕ್ಕೇ ಹಿಂಗಾತೇನ್ರೀ?”

ಡಾಕ್ಟರು ಅವಳ ಹೆಗಲ ಮೇಲೆ ಕೈಯಿಟ್ಟರು.

“ಗುಳಿಗಿ ಕೊಟ್ಟು ಸಾವಕಾಶ ಬಿಡಿಸಬೇಕಿತ್ತು. ಅದು ನಿನಗ ಹ್ಯಾಂಗ ಗೊತ್ತಿರ್ತದ? ಇಂಥಾದ್ರಾಗ ಭಾಳ ಮಂದಿ ತಿರುಗಿ ಕುಡೀತಾರ. ಒಂದು ಗ್ಲಾಸ್ ಕುಡದ್ರ ನಡುಕ ನಿಲ್ತದಂತ ಅವರಿಗೆ ಗೊತ್ತಿರ್ತದ. ಇವರು ಹ್ಯಾಂಗ ತಡ್ಕೊಂಡ್ರೋ.”

ಆಗ ಅಪ್ಪ ಬಾಯಿ ಬಿಟ್ಟ. “ಒದ್ದಾಟ ನೋಡಲಾರದ ನಿನ್ನಿ ನಾನೇ ಶಿಂದಿ ತಂದು ಕೊಟ್ಟಿದ್ದೆ ರೀ. ಹಲ್ಲು ಕಚ್ಚಿ ಹಿಡದ್ಲು. ಹುಡುಗಿ ತಲಿ, ಹುಡುಗಿ ತಲಿ ಅಂತಿದ್ಲು. ನನಗ ತಿಳೀಲಿಲ್ಲ.”

ನರ್ಸ್ ಸೂಜಿ ಚುಚ್ಚಿದಳು. ಆಯಿ ಮಲಗಿದರೂ ಬೆರಳುಗಳು ಚಾದರವನ್ನು ಕೆದಕುತ್ತಲೇ ಇದ್ದವು. ಮೊದಲಿನಂತೆ ಆಗುತ್ತಾಳೋ ಇಲ್ಲವೋ ಎಂದು ಅಪ್ಪ ಕೇಳಿದ್ದಕ್ಕೆ, ಡಾಕ್ಟರು ನೋಡೋಣ ಎಂದಷ್ಟೇ ಹೇಳಿ ಹೋದರು.

ಎರಡು ದಿನದಿಂದ ಆಯಿ ಹೆದರಿದ್ದು ಇರುವೆಗಳಿಗೆ ಎಂದುಕೊಂಡಿದ್ದಳು ಚಂದಮ್ಮ; ಆಯಿ ಹೆದರಿದ್ದು ಮೊಮ್ಮಗಳ ತಲೆಗೆ ಬರುವ ಕೇಡಿಗೆ.

“ಬಾ, ಕೂಡು,” ಎಂದು ಅಪ್ಪ ಬೆಂಚಿನ ಮೇಲೆ ಸರಿದ. ಅವಳು ಹೋಗಲಿಲ್ಲ. ಆಯಿಯ ಒಂದೊಂದೇ ಬೆರಳು ನಿಲ್ಲುವವರೆಗೂ ಮಂಚದ ಪಕ್ಕದಲ್ಲೇ ನಿಂತಿದ್ದಳು.