ಕೂಗಲಾರದವಳ ಕರೆ

"ಯಾರಮ್ಮ ನೀವು? ಯಾರು ಬೇಕಿತ್ತು?"

ಬಾಗಿಲಿಗೆ ಅಡ್ಡವಾಗಿ ನಿಂತ ಗಂಡಸನ್ನು ಕಂಡು ಭಾರ್ಗವಿ ಅಂಗಳದಲ್ಲೇ ನಿಂತುಬಿಟ್ಟಳು.

ಗೌನಿಪಲ್ಲಿಯಲ್ಲಿ ಬಸ್ ಇಳಿದು, ಆಟೋದವನು ಇನ್ನು ಮುಂದೆ ಬರಲ್ಲ ಎಂದ ಜಾಗದಿಂದ ನಡೆದು, ಮಾವಿನ ತೋಪು ದಾಟಿ ಕಾಡಿನೊಳಗೆ ಬಂದಿದ್ದಳು. ಸೋದರಮಾವ ಚನ್ನರಾಯಪ್ಪ ಬೀಗದ ಕೈ ಕೊಡುವಾಗ ಏನೇನೋ ಹೇಳಿದ್ದರು. ಅವಳು ಯಾವುದನ್ನೂ ಕಿವಿಗೆ ಹಾಕಿಕೊಂಡಿರಲಿಲ್ಲ. ಮನುಷ್ಯರಿಲ್ಲದ ಜಾಗ. ಅವಳಿಗೆ ಬೇಕಾಗಿದ್ದದ್ದು ಅಷ್ಟೇ. ಇಲ್ಲಿ ನೋಡಿದರೆ...

ಉತ್ತರ ಬಾರದ್ದು ನೋಡಿ ಆತ ತೆಲುಗಿನಲ್ಲಿ ಕೇಳಿದ. "ಎವುರು ಕಾವಾಲಮ್ಮಾ?"

ಅವಳು ಎರಡು ಹೆಜ್ಜೆ ಮುಂದೆ ಬಂದು ಪಿಸುಗುಟ್ಟಿದಳು. "ಇದು ನಮ್ಮ ಮಾವನ ಮನೆ."

ಆತನ ಮುಖ ಬದಲಾಯಿತು. ಅವಳ ಹಿಂದಿನ ಮರಗಳ ಕಡೆ ಕಣ್ಣಾಡಿಸಿದ. "ಬೇಗ ಒಳಗೆ ಬನ್ನಿ," ಎಂದು ದಾರಿ ಬಿಟ್ಟವನು, ಅವಳು ಒಳಗೆ ಕಾಲಿಟ್ಟ ಕೂಡಲೇ ಬಾಗಿಲು ಮುಚ್ಚಿ ಚಿಲಕ ಹಾಕಿದ. ಭಾರ್ಗವಿ ಗೋಡೆಗೆ ಸರಿದಳು. ಕಿರುಚೋಣವೆಂದರೆ ಗಂಟಲೆಲ್ಲಿ?

ಆತ ಮೂಲೆಯಲ್ಲಿದ್ದ ದೊಣ್ಣೆ ಕೈಗೆತ್ತಿಕೊಂಡು, ಅವಳಂತೆಯೇ ಪಿಸುಗುಟ್ಟಿದ. "ಎಷ್ಟು ಜನ ಹಿಂದೆ ಬಿದ್ದಿದ್ದಾರೆ? ಹೆದರ್ಬೇಡಿ. ನಾನಿದ್ದೀನಿ."

ಅವಳಿಗೆ ಆಗ ಅರ್ಥವಾಯಿತು. ಯಾರಿಂದಲೋ ತಪ್ಪಿಸಿಕೊಂಡು ಬಂದು, ಕೇಳಿಸೀತೆಂದು ಪಿಸುಗುಡುತ್ತಿದ್ದಾಳೆ ಎಂದುಕೊಂಡಿದ್ದಾನೆ. ಎಷ್ಟೋ ದಿನದ ಮೇಲೆ ನಗು ಬಂತು. ನಗಲು ಹೋದವಳಿಗೆ ಅಳು ಬಂತು. ಕತ್ತಿನ ದುಪಟ್ಟಾ ಸರಿಸಿ ಗಾಯದ ಗೆರೆ ತೋರಿಸಿದಳು.

"ಯಾರೂ ಇಲ್ಲ. ನನಗಿರೋದೇ ಇಷ್ಟು ದನಿ."

ಆತ ದೊಣ್ಣೆ ಕೆಳಗಿಟ್ಟ. ಆ ಗೆರೆಯನ್ನು ನೋಡಿದ, ಮುಖವನ್ನು ನೋಡಿದ. ಏನೋ ನೆನಪಾದವನಂತೆ ಬಾಯಿ ತೆರೆದವನು ಸುಮ್ಮನಾದ. "ತಪ್ಪಾಯ್ತಮ್ಮ," ಎಂದಷ್ಟೇ ಹೇಳಿ, ತನ್ನ ಹಾಸಿಗೆ ಸುತ್ತಿಕೊಂಡು ಹೊರಗಿನ ಕೊಟ್ಟಿಗೆಗೆ ಹೋದ.

ಅವನ ಹೆಸರು ಕದಿರೇಶ್. ನಂಗಲಿಯವನು. ಮಾವನ ಮಾವಿನ ಮರಗಳನ್ನು, ಜೇನುಪೆಟ್ಟಿಗೆಗಳನ್ನು ನೋಡಿಕೊಂಡು ಒಬ್ಬನೇ ಇದ್ದ.

ಭಾರ್ಗವಿಗೆ ಯಾವತ್ತೂ ಹೀಗೇ ಇತ್ತೆಂದಲ್ಲ.

ಕೋಲಾರದ ಟೊಮೆಟೊ ಮಾರುಕಟ್ಟೆಯಲ್ಲಿ ಅವಳ ಅಪ್ಪ ಕೋದಂಡರಾಮಪ್ಪನವರ ಮಂಡಿ ಇತ್ತು. ಅಲ್ಲಿ ಹರಾಜು ಕೂಗುತ್ತಿದ್ದವಳು ಅವಳೇ. ಗಂಡಸರೇ ತುಂಬಿದ ಆ ಸಂತೆಯಲ್ಲಿ, ಕ್ರೇಟುಗಳ ಮೇಲೆ ನಿಂತು ಅವಳು ದನಿ ತೆಗೆದರೆ ಗೇಟಿನಲ್ಲಿದ್ದ ಲಾರಿಯವನೂ ತಿರುಗಿ ನೋಡುತ್ತಿದ್ದ. ಆಮೇಲೆ ಕತ್ತಿನಲ್ಲಿ ಗಂಟು ಬಂತು. ಆಪರೇಷನ್ ಆಯಿತು. ಗಂಟಿಗೆ ಅಂಟಿಕೊಂಡಿದ್ದ ನರ ಸೊರಗಿತು. ವರ್ಷದೊಳಗೆ ದನಿ ಬಂದರೆ ಬಂತು ಅಂದರು ಡಾಕ್ಟರು. ವರ್ಷ ಕಳೆಯಿತು. ಬರಲಿಲ್ಲ.

ನಿಶ್ಚಯವಾಗಿದ್ದ ಹುಡುಗ ಶಿವಶಂಕರ್, ಪಕ್ಕದ ಮಂಡಿಯವರ ಮಗ. ಮೊದಮೊದಲು ಫೋನ್ ಮಾಡುತ್ತಿದ್ದ. "ಏನು? ಕೇಳಿಸ್ತಿಲ್ಲ. ಮೆಸೇಜ್ ಹಾಕು," ಎನ್ನುತ್ತಿದ್ದ. ಆಮೇಲೆ ಮೆಸೇಜೂ ನಿಂತಿತು. ಒಂದು ಗೃಹಪ್ರವೇಶದಲ್ಲಿ ಅವನ ತಾಯಿ ಯಾರಿಗೋ ಹೇಳುತ್ತಿದ್ದದ್ದು ಅವಳ ಕಿವಿಗೇ ಬಿತ್ತು. "ನಾಳೆ ಮಗು ಬೀದಿಗೆ ಓಡಿದ್ರೆ ಕೂಗಿ ಕರೆಯೋಕೂ ಆಗಲ್ವಲ್ಲ ಇವಳಿಗೆ."

ಅವತ್ತೇ ತೀರ್ಮಾನಿಸಿದಳು. ಯಾರನ್ನೂ ಕರೆಯಬೇಕಿಲ್ಲದ ಕಡೆ ಹೋಗಿಬಿಡಬೇಕು.

ಮಾವ ಬೀಗದ ಕೈ ಕೊಟ್ಟ ಈ ಬಂಡೆಮನೆ ಅಂಥ ಜಾಗವೇ. ಅವಳ ತಾಯಿಯ ತಾತ ಗುಡ್ಡದ ಬುಡದ ಒಂದು ದೊಡ್ಡ ಬಂಡೆಗೆ ಒರಗಿಸಿ ಕಟ್ಟಿದ್ದು. ಮೂರು ಕಡೆ ಕಲ್ಲಿನ ಗೋಡೆ, ನಾಲ್ಕನೆಯದು ಬಂಡೆಯೇ. ಮೇಲೆ ಕಲ್ಲುಚಪ್ಪಡಿ. ಅಡುಗೆಮನೆಯ ಕಡೆ ಬಂಡೆಗೆ ನಾಲ್ಕು ತಲೆಮಾರಿನ ಹೊಗೆ ಹಿಡಿದು ಕರ್ರಗೆ ಹೊಳೆಯುತ್ತಿತ್ತು. ಹಗಲು ಕಾದ ಬಂಡೆ ಸಂಜೆಯಿಡೀ ಬೆಚ್ಚಗಿರುತ್ತಿತ್ತು, ಜ್ವರ ಬಂದ ಮೈಯಂತೆ. ಗಾಳಿ ಬೀಸಿದರೆ ಚಪ್ಪಡಿಯ ಸಂದಿನಲ್ಲಿ ಮನೆಯೇ ನರಳುತ್ತಿತ್ತು.

ಭಾರ್ಗವಿ ಆ ಬಂಡೆಗೆ ಬೆನ್ನು ಕೊಟ್ಟು ದಿನವಿಡೀ ಕೂತಿರುತ್ತಿದ್ದಳು. ಒಲೆ ಹಚ್ಚಲಿಲ್ಲ. ತಲೆ ಬಾಚಲಿಲ್ಲ. 'ಹೀಗೇ ಕೂತು ಕೂತು ಈ ಕಲ್ಲಿನೊಳಗೆ ಸೇರಿಹೋದರೆ ಯಾರಿಗೆ ಗೊತ್ತಾಗುತ್ತೆ?' ಅನ್ನಿಸುತ್ತಿತ್ತು.

ಗೊತ್ತಾಗುತ್ತಿದ್ದದ್ದು ಒಬ್ಬನಿಗೆ. ದಿನಾ ಹೊಸ್ತಿಲ ಮೇಲೆ ತಟ್ಟೆ ಇರುತ್ತಿತ್ತು. ರಾಗಿಮುದ್ದೆ, ಉಪ್ಪುಸಾರು. ಅವಳು ಮುಟ್ಟದಿದ್ದರೆ ಬೈಯುತ್ತಿರಲಿಲ್ಲ. ತಟ್ಟೆ ತೆಗೆದುಕೊಂಡು ಹೋಗಿ ಬಿಸಿ ಮಾಡಿ ಮತ್ತೆ ತಂದಿಡುತ್ತಿದ್ದ.

ಒಂದು ಸಂಜೆ ಅವಳು ತಟ್ಟೆ ಹಿಡಿದು ಜಗುಲಿಗೆ ಬಂದಳು. "ಯಾಕೆ ಇಷ್ಟು ಮಾಡ್ತೀರಿ? ಪಾಪ ಅಂತಾನಾ?"

ಅವನು ಕತ್ತು ಬಗ್ಗಿಸಿ ಕಿವಿ ಕೊಟ್ಟು ಕೇಳಿಸಿಕೊಂಡ. 'ಏನು?' ಅನ್ನಲಿಲ್ಲ. 'ಜೋರಾಗಿ ಹೇಳಿ' ಅನ್ನಲಿಲ್ಲ.

"ನಾನು ಲಾರಿ ಓಡಿಸ್ತಿದ್ದೆ," ಎಂದ. "ನಿಮ್ಮ ಮಂಡಿಯಿಂದಾನೂ ಲೋಡ್ ಹೊಡೆದಿದ್ದೀನಿ. ಒಂದ್ಸಲ ಮದ್ರಾಸಿಗೆ ಹೋಗ್ತಾ ಇದ್ದಾಗ ನನ್ನ ಹೆಂಡ್ತಿ ಫೋನ್ ಮಾಡಿದ್ಲು. ತುಂಬು ಬಸುರಿ. ಇಂಜಿನ್ ಸದ್ದಲ್ಲಿ ಕೇಳಿಸ್ಲಿಲ್ಲ. ಸುಮಾರು ಸಲ ಮಾಡಿದ್ಲಂತೆ. ನಾನು ನೋಡಿ ವಾಪಸ್ ಮಾಡೋ ಹೊತ್ತಿಗೆ ಫೋನ್ ಎತ್ತಿದ್ದು ಅವಳಣ್ಣ. ಇಬ್ರೂ ಉಳೀಲಿಲ್ಲ. ಆಮೇಲೆ ರಸ್ತೆ ಕಡೆ ಹೋಗೋಕೆ ಮನಸಾಗ್ಲಿಲ್ಲ."

ಭಾರ್ಗವಿ ತಟ್ಟೆ ಪಕ್ಕಕ್ಕಿಟ್ಟು ಅವನೆದುರು ಕೂತಳು. ಆಮೇಲೆ ಕೇಳಿದಳು. "ಹಾಗಾದ್ರೆ ನನ್ನ ಹಳೇ ದನಿ ನಿಮಗೆ ಗೊತ್ತು."

"ಗೊತ್ತು."

ಅವಳು ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಯಾರೂ ಅದನ್ನು ಕೇಳಿರದ ಕಡೆಗೆಂದು ಬಂದರೆ, ಕೇಳಿದವನೇ ಇಲ್ಲಿ ಕೂತಿದ್ದಾನೆ...

ಹೊರಗಿನಿಂದ ಅವನು ಮೆಲ್ಲಗೆ ಹೇಳಿದ. "ಆ ದನಿ ಸಂತೆಗೆಲ್ಲ ಕೇಳಿಸ್ತಿತ್ತು. ಈ ದನಿ ಹತ್ತಿರ ಬಂದವರಿಗೆ ಮಾತ್ರ. ನನಗೆ ಇದೇ..."

ಮರುದಿನ ಅವಳು ತಲೆ ಬಾಚಿಕೊಂಡಳು. ಒಲೆ ಹಚ್ಚಿದಳು.

ಮಾವು ಹೂ ಬಿಟ್ಟಿತು. ಹೂ ಹೀಚಾಯಿತು. ಜೇನುಪೆಟ್ಟಿಗೆಗಳ ಮಧ್ಯೆ, ಜಗುಲಿಯ ಮೇಲೆ ಅವರ ಮಾತು ಬೆಳೆಯಿತು. ಅವಳು ಬಾಯಿ ತೆರೆದರೆ ಸಾಕು, ಅವನು ಕೈಲಿದ್ದ ಕೆಲಸ ಬಿಟ್ಟು ಬಗ್ಗುತ್ತಿದ್ದ. ಇಬ್ಬರೂ 'ನೀವು' ದಾಟಲಿಲ್ಲ. ಮನಸ್ಸಿನಲ್ಲಿದ್ದದ್ದನ್ನು ಯಾರೂ ಹೇಳಲಿಲ್ಲ. ಸುಖ ಬಂದರೂ ನಂಬುವ ಧೈರ್ಯ ಇಬ್ಬರಿಗೂ ಇರಲಿಲ್ಲ.

ಅಂಥ ಒಂದು ಮಧ್ಯಾಹ್ನ ಶಿವಶಂಕರ್ ಬಂದ. ಕಾರು ತೋಪಿನ ಹತ್ತಿರ ಬಿಟ್ಟು, ಬೆವರು ಒರೆಸಿಕೊಳ್ಳುತ್ತ ಜಗುಲಿಯ ಮುಂದೆ ನಿಂತ.

"ಇದೇನು ಭಾರ್ಗವಿ, ಈ ಕಾಡಲ್ಲಿ? ಅಮ್ಮನ್ನ ಒಪ್ಸಿದ್ದೀನಿ. ಬೆಂಗಳೂರಲ್ಲಿ ಒಬ್ಬ ಡಾಕ್ಟರ್ ಇದ್ದಾರಂತೆ. ದನಿ ಬರಲಿ, ಮದುವೆ ಇಟ್ಕೊಳ್ಳೋಣ."

"ಬರದಿದ್ರೆ?"

"ಏನು? ಜೋರಾಗಿ ಹೇಳು."

ಜಗುಲಿಯ ಮುಂದಿನ ಹುಣಸೆಮರದಲ್ಲಿ ಗಾಳಿ ಜೋರಾಗಿತ್ತು. ಅವನು ಬಗ್ಗಲಿಲ್ಲ. ಭಾರ್ಗವಿಯೇ ಹತ್ತಿರ ಹೋಗಿ, ತುದಿಗಾಲಲ್ಲಿ ನಿಂತು, ಅವನ ಕಿವಿಗೆ ಬಾಯಿ ತಂದು ಕೇಳಿದಳು. "ದನಿ ಬರದಿದ್ರೆ?"

ಅವನು ಕಣ್ಣು ತಪ್ಪಿಸಿದ. "ಬರುತ್ತೆ ಬಿಡು."

ಅವಳು ಮತ್ತೆ ಅವನ ಕಿವಿಗೆ ಹೇಳಿದಳು. "ನೀನು ಹೊರಡು, ಶಿವು. ಇನ್ನು ಬರ್ಬೇಡ."

ಮರದಾಚೆ ಕದಿರೇಶ್ ನಿಂತಿದ್ದ. ಮಾತು ಅವನಿಗೆ ಕೇಳಿಸಲಿಲ್ಲ. ಕಂಡದ್ದು ಇಷ್ಟೇ. ಭಾರ್ಗವಿ ಆ ಗಂಡಸಿನ ಕಿವಿಗೆ ತುಟಿಯಿಟ್ಟಳು... ಒಂದಲ್ಲ, ಎರಡು ಸಲ.

ಶಿವಶಂಕರ್ ಮುಖ ಗಂಟಿಕ್ಕಿಕೊಂಡು ಹೋದ ಮೇಲೆ ಅವಳು ಕೊಟ್ಟಿಗೆಗೆ ಓಡಿದಳು. ಇವತ್ತು ಹೇಳಿಯೇಬಿಡಬೇಕು ಎಂದು. ಅಲ್ಲಿ ಹಾಸಿಗೆ ಇರಲಿಲ್ಲ. ಬಟ್ಟೆ ಇರಲಿಲ್ಲ.

ಆಡು ಕಾಯುವ ಬೈರಮ್ಮ ಹಾದಿಯಲ್ಲಿ ಸಿಕ್ಕಳು. "ಕದಿರೇಶನಾ? ಗುಡ್ಡದ ಮೇಲಿಂದ ಹೋದ ಕಣಮ್ಮಣ್ಣಿ. ಆಚೆ ರಸ್ತೇಲಿ ಬಸ್ ಹಿಡೀತಾನಂತೆ. 'ಅವರ ಯಜಮಾನ್ರಾಗೋರು ಬಂದವ್ರೆ, ಕಿವೀಲಿ ಮಾತಾಡ್ತಿದ್ದದ್ದು ಕಂಡೆ, ಇನ್ನು ನನ್ನ ಕೆಲ್ಸ ಏನಜ್ಜಿ' ಅಂದ. ಮುಖ ನೋಡೋಕಾಗ್ಲಿಲ್ಲ."

ಭಾರ್ಗವಿ ಓಡಿದಳು.

ಮುಳ್ಳಿಗೆ ಸಿಕ್ಕಿ ಸೀರೆ ಹರಿಯಿತು. ಉಸಿರು ಕಟ್ಟಿತು. ಅರ್ಧ ಗುಡ್ಡ ಹತ್ತಿ ತಲೆಯೆತ್ತಿದಾಗ, ಮೇಲೆ ಅಂಚಿನಲ್ಲಿ ಅವನು ಕಂಡ. ಹೆಗಲ ಮೇಲೆ ಮೂಟೆ. ಬೆನ್ನು ಇತ್ತ.

ಬಾಯಿ ತೆರೆದಳು. 'ಕದಿರೇಶ್...'

ಬರೀ ಗಾಳಿ ಹೊರಬಂತು.

ಮತ್ತೆ ಕೂಗಿದಳು. ಕತ್ತಿನ ನರ ಉಬ್ಬಿತು, ಕಣ್ಣಲ್ಲಿ ನೀರು ಬಂತು, ಗಂಟಲು ಹರಿದಂತಾಯಿತು. ಪಕ್ಕದ ಪೊದೆಯ ಹಕ್ಕಿ ಕೂಡ ಕದಲಲಿಲ್ಲ. ಕಣ್ಣೆದುರಿಗೇ ಅವನು ಅಂಚು ದಾಟಿ ಮರೆಯಾದ. 'ಕೂಗಿ ಕರೆಯೋಕೂ ಆಗಲ್ವಲ್ಲ ಇವಳಿಗೆ...' ಆ ಹೆಂಗಸು ಹೇಳಿದ್ದು ಸುಳ್ಳಲ್ಲ.

ಹಾದಿ ಬಿಟ್ಟು ಬಂಡೆಗಳ ಮೇಲೆ ಅಡ್ಡ ಹಾದು ಹೋದಳು. ಒಣಹುಲ್ಲಿನ ಮೇಲೆ ಕಾಲು ಜಾರಿತು. ಎರಡು ಬಂಡೆಗಳ ಸಂದಿಗೆ ಬಿದ್ದಳು. ಕಾಲು ಮೈಕೆಳಗೆ ಮಡಚಿಕೊಂಡು ಲಟಕ್ಕೆಂದಿತು.

ಕಣ್ಣು ಬಿಟ್ಟಾಗ ಮೇಲೆ ಒಂದು ಪಟ್ಟಿಯಷ್ಟು ಆಕಾಶ. ಏಳಲು ಆಗಲಿಲ್ಲ. ಫೋನು ಮನೆಯಲ್ಲಿ. ಬೈರಮ್ಮ ಅಷ್ಟೊತ್ತಿಗೆ ಆಡು ಹೊಡೆದುಕೊಂಡು ಊರ ಕಡೆ ಇಳಿದಿರುತ್ತಾಳೆ. ಅವಳು ಇಲ್ಲಿದ್ದಾಳೆಂದು ಒಂದು ನರಪಿಳ್ಳೆಗೂ ಗೊತ್ತಿಲ್ಲ.

'ಇದನ್ನೇ ಅಲ್ಲವೇ ಕೇಳಿಕೊಂಡು ಬಂದದ್ದು? ಯಾರೂ ಇಲ್ಲದ ಜಾಗ...'

ಕಣ್ಣು ಮುಚ್ಚಿದಳು. ಒಳಗಿನಿಂದ ಏನೋ ಒದ್ದುಕೊಂಡು ಬಂತು. ಬೇಡ. ನನಗಿದು ಬೇಡ. ನನಗೆ ಬದುಕಬೇಕು.

ಕೈಗೆ ಸಿಕ್ಕ ಕಲ್ಲೊಂದನ್ನು ಹಿಡಿದು ಬಂಡೆಗೆ ಕುಟ್ಟಿದಳು. ಟಣ್. ಮತ್ತೆ ಕುಟ್ಟಿದಳು. ಬೆರಳು ಜಜ್ಜಿತು, ಚರ್ಮ ಕಿತ್ತುಬಂತು. ಬಿಡಲಿಲ್ಲ.

ಗುಡ್ಡದಾಚೆ ಇಳಿಯುತ್ತಿದ್ದ ಕದಿರೇಶ್ ನಿಂತ. 'ಇಲ್ಲಿ ಯಾರು ಕಲ್ಲು ಒಡೀತಿದ್ದಾರೆ?' ಎಂದುಕೊಂಡು ನಾಲ್ಕು ಹೆಜ್ಜೆ ಹಾಕಿದ. ಮತ್ತೆ ಅದೇ ಸದ್ದು.

"ಯಾರಪ್ಪಾ ಅದು?" ಕೂಗಿದ.

ಸದ್ದು ನಿಂತಿತು. ಆಮೇಲೆ ಒಂದೇ ಸಮನೆ, ಹುಚ್ಚು ಹಿಡಿದಂತೆ.

"ಎವುರ್ರಾ ಅದಿ? ಮಾತಾಡ್ರಪ್ಪಾ."

ಮಾತಿಲ್ಲ. ಕಲ್ಲಿನ ಸದ್ದು ಮಾತ್ರ.

ಈ ಗುಡ್ಡದಲ್ಲಿ ದಾರಿ ತಪ್ಪಿದವನು ಕೂಗುತ್ತಾನೆ. ಬಿದ್ದವನು ಕೂಗುತ್ತಾನೆ. ಕರೆದರೂ ಓಗೊಡದೆ ಕಲ್ಲು ಕುಟ್ಟುವವರು...

ಹೆಗಲ ಮೂಟೆ ಜಾರಿ ಬಿತ್ತು.

"ಭಾರ್ಗವೀ..."

ಬರೀ ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಸಂದಿಯೊಳಗೆ ಅದು ಕೇಳಿಸಿದಾಗ ಅವಳ ಕೈ ಒಂದು ಕ್ಷಣ ನಿಂತಿತು. ಆಮೇಲೆ ಇನ್ನೂ ಗಟ್ಟಿಯಾಗಿ ಕುಟ್ಟಿದಳು. ಅವನು ಕರೆದ. ಅವಳು ಕುಟ್ಟಿದಳು. ಪ್ರತಿ ಸಲವೂ ಆ ದನಿ ಹತ್ತಿರವಾಗುತ್ತ ಬಂತು.

ಅವನು ಬಂಡೆ ಹಿಡಿದು ಇಳಿದು ಬಂದು ಮಂಡಿಯೂರಿದ. ರಕ್ತ ಸುರಿಯುತ್ತಿದ್ದ ಅವಳ ಕೈ ಹಿಡಿದು, ಇನ್ನೂ ಬಿಗಿಹಿಡಿದಿದ್ದ ಕಲ್ಲನ್ನು ಒಂದೊಂದೇ ಬೆರಳು ಬಿಡಿಸಿ ತೆಗೆದ.

"ಯಾಕೆ ಬಂದ್ರಿ ಇಲ್ಲಿಗೆ? ಅವರು ಎಲ್ಲಿ?"

ಅವಳು ಅವನ ಅಂಗಿಯ ಕಾಲರು ಹಿಡಿದು ಎಳೆದಳು. ಸಿಟ್ಟು, ನೋವು, ಅಳು ಎಲ್ಲಾ ಒಂದೇ ಸಲ. "ಹೋಗು, ಇನ್ನು ಬರ್ಬೇಡ ಅಂದೆ ಅವನಿಗೆ. ದೂರದಿಂದ ಹೇಳಿದ್ರೆ ಕೇಳಿಸಲ್ಲ ಅಂತ ಕಿವೀಲಿ ಹೇಳಿದೆ. ಅಷ್ಟಕ್ಕೇ ಎದ್ದು ಹೊರಟುಬಿಟ್ರಾ? ಒಂದು ಮಾತು ಕೇಳಬಾರದಿತ್ತಾ?"

ಅವನು ಅವಳ ಜಜ್ಜಿದ ಕೈಯನ್ನು ಹಣೆಗೊತ್ತಿಕೊಂಡ.

"ಕೇಳೋಕೆ ಭಯ ಆಯ್ತು," ಎಂದ ಕೊನೆಗೆ. "ಹೌದು ಅಂದುಬಿಟ್ರೆ ಏನ್ಮಾಡ್ಲಿ ಅಂತ. ಇನ್ನೊಂದ್ಸಲ ಕಳ್ಕೊಳ್ಳೋ ಶಕ್ತಿ ನನ್ನಲ್ಲಿಲ್ಲ. ನೀವು ಅಂದ್ರೆ ನನಗೆ ಜೀವ, ಭಾರ್ಗವಿ."

ಅವಳು ಅವನ ಭುಜಕ್ಕೆ ತಲೆಯಿಟ್ಟಳು. ಗಂಟಲಿನಿಂದ ಸದ್ದೇ ಬರದ ಅಳು ಅವಳ ಮೈಯನ್ನೆಲ್ಲ ಅಲುಗಿಸಿತು.

ಟವೆಲ್ ಹರಿದು ಕಾಲಿಗೆ ಕಟ್ಟಿದ. ಅವಳನ್ನು ಬೆನ್ನ ಮೇಲೆ ಹೊತ್ತುಕೊಂಡು ಗುಡ್ಡ ಇಳಿಯತೊಡಗಿದ. ಊರು ತಲುಪಿ, ಆಟೋ ಹಿಡಿದು, ಶ್ರೀನಿವಾಸಪುರದ ಆಸ್ಪತ್ರೆಗೆ ಹೋಗಬೇಕು. ದಾರಿ ದೂರವಿತ್ತು. ಅವಳ ಬಾಯಿ ಅವನ ಕಿವಿಯ ಪಕ್ಕದಲ್ಲೇ ಇತ್ತು.

"ನನ್ನ ದನಿ ವಾಪಸ್ ಬರಲ್ಲ, ಕದಿರೇಶ್. ಯಾವತ್ತೂ ಬರಲ್ಲ."

"ಗೊತ್ತು."

"ಜೋರಾಗಿ ಜಗಳ ಆಡೋಕೂ ಆಗಲ್ಲ."

"ಈಗ ಬೈದದ್ದೇ ಸಾಕಷ್ಟಾಯ್ತು."

ಅವಳು ನೋವಿನಲ್ಲೇ ನಕ್ಕಳು. ಆ ಉಸಿರು ಅವನ ಕತ್ತಿಗೆ ತಾಗಿತು. ಕಡಿದಾದ ಕಡೆ ಅವನ ಹೆಜ್ಜೆ ನಿಧಾನವಾಯಿತು.

"ಭಾರ ಆಗ್ತಿದ್ದೀನಾ? ಸ್ವಲ್ಪ ಇಳಿಸ್ತೀರಾ?"

"'ಇಳಿಸ್ತೀಯಾ' ಅನ್ನು."

ಅವಳು ಅವನ ಕೊರಳನ್ನು ಇನ್ನಷ್ಟು ಬಿಗಿಯಾಗಿ ಬಳಸಿ ಹಿಡಿದಳು.

"...ಇಳಿಸ್ತೀಯಾ?"

"ಇಲ್ಲ ಕಣೇ," ಎಂದ ಕದಿರೇಶ್.