ಬಿಸಿಯಾದ ಮೇಲಿನ ಅಳತೆ

ಗೊಮ್ಮಟೇಶ ಮೊದಲ ಸಲ ಬಂದಾಗ ಕೇಳಿದ್ದು ಮಶೀನಿನ ಬಣ್ಣದ ಬಗ್ಗೆ. ಸರಿತಾ ನಕ್ಕುಬಿಟ್ಟಿದ್ದಳು.

ಹುಕ್ಕೇರಿಯಲ್ಲಿ ಸ್ವಂತ ವರ್ಕ್‌ಶಾಪ್ ಹಾಕಲು ಹೊರಟವನಿಗೆ ಕಂಪ್ಯೂಟರ್ ಹೇಳಿದಂತೆ ಲೋಹ ಕಡೆಯುವ ಹೊಸ ಸಿಎನ್‌ಸಿ ಲೇಥ್ ಕೈಗೆಟುಕದ ಮಾತು. ಗೋಕಾಕದ ನೇಮಣ್ಣ ತಮ್ಮ ಹಳೆಯದನ್ನು ಮಾರುತ್ತಾರೆಂದು ಕೇಳಿ, ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿ ಬಂದಿದ್ದ. ಆಮೇಲೆ ಮತ್ತೆ ಮತ್ತೆ ಬಂದ. ಮಶೀನ್ ನೋಡಲು ಅಷ್ಟು ಸಲ ಬರಬೇಕಾಗಿರಲಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

ನೇಮಣ್ಣನ ಕಣ್ಣು ಮಂಜಾಗಿ, ಅಂಗಡಿ ಮುಚ್ಚುವುದೆಂದು ತೀರ್ಮಾನವಾಗಿತ್ತು. ಇಷ್ಟು ವರ್ಷ ಆ ಲೇಥ್ ನಡೆಸಿದವಳು ಮಗಳು ಸರಿತಾ. ಅದು ಹೋದರೆ ಅವಳ ಕೆಲಸವೂ ಹೋದಂತೆ. ಅದನ್ನು ಅವಳು ಗೊಮ್ಮಟೇಶನಿಗೆ ಹೇಳಿರಲಿಲ್ಲ.

"ಬಣ್ಣ ನೋಡಬ್ಯಾಡ್ರಿ," ಎಂದಳು, ಅವನು ಕೊನೆಗೆ ಮಶೀನ್ ಪರೀಕ್ಷಿಸಲೆಂದೇ ಬಂದ ದಿನ. "ತಣ್ಣಗಿದ್ದಾಗ ಒಂದು ತುಂಡು ಮಾಡಿ ಅಳೀರಿ. ಮಶೀನ್ ಬಿಸಿ ಆಗೂತನಕಾ ಓಡಿಸಿ ಇನ್ನೊಂದು ಅಳೀರಿ. ಸವದ ಮಶೀನ್ ಬಿಸಿ ಆದ್ರ ಅಳತಿ ತಪ್ಪತೈತಿ. ಎರಡೂ ಒಂದ ಅಳತಿ ಬಂದ್ರ ಕಣ್ಣು ಮುಚ್ಚಿ ತಗೋರಿ."

ಮೊದಲ ತುಂಡು ಬಂತು. ಮಶೀನ್ ಓಡುತ್ತಲೇ ಇತ್ತು, ಹೊತ್ತು ಇಳಿಯಿತು. ಹಿಂದಿನ ಮನೆಯಿಂದ ನೇಮಣ್ಣ ಊಟಕ್ಕೆ ಕರೆದರು. ಇಬ್ಬರದೂ ಜೈನ ಮನೆತನ. ಹೊತ್ತು ಮುಳುಗಿದರೆ ಮತ್ತೆ ಬೆಳಗಿನವರೆಗೆ ಉಣ್ಣುವಂತಿಲ್ಲ. ಕಿಟಕಿಯಲ್ಲಿಟ್ಟಿದ್ದ ಗೊಮ್ಮಟೇಶನ ಬುತ್ತಿ ಡಬ್ಬಿ ತೋರಿಸಿ, ಉಂಡು ಬನ್ನಿ, ನಾನು ನೋಡಿಕೊಳ್ಳುತ್ತೇನೆ ಎಂದಳು ಸರಿತಾ.

ಅವನು ಕದಲಲಿಲ್ಲ. ಮಾರುವವರು ಕಂಪ್ಯೂಟರಿನಲ್ಲಿ ಒಂದು ನಂಬರ್ ಬದಲಿಸಿ ಎರಡನೇ ತುಂಡನ್ನು ಸರಿ ಮಾಡಿ ತೋರಿಸುತ್ತಾರೆಂದು ಗೆಳೆಯನೊಬ್ಬ ಎಚ್ಚರಿಸಿದ್ದ. ಅದನ್ನು ಹೇಳಲಾಗದೆ, ಹಸಿವಿಲ್ಲ ಎಂದ. ಅವನ ನೋಟ ತನ್ನ ಬೆರಳುಗಳ ಮೇಲೆಯೇ ಇರುವುದನ್ನು ಅವಳು ಕಂಡಳು. ಬೇರೆ ದಿನವಾಗಿದ್ದರೆ ನಾಚುತ್ತಿದ್ದಳೇನೋ. ಈ ಹೊತ್ತು ಅದು ಅನುಮಾನದ ನೋಟವೆಂದು ತಿಳಿದು ಅವಮಾನವಾಯಿತು. ತಾನೂ ಊಟಕ್ಕೆ ಏಳಲಿಲ್ಲ.

ಹೊತ್ತು ಮುಳುಗಿತು. ಎರಡನೇ ತುಂಡು ಬಂತು. ಗೊಮ್ಮಟೇಶ ಅಳೆದ, ಮತ್ತೊಮ್ಮೆ ಅಳೆದ. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಖುಷಿಯಿಂದ ತಲೆ ಎತ್ತಿದರೆ ಅವಳ ಕಣ್ಣು ತುಂಬಿತ್ತು.

"ಛಲೋ ಬಂತಲ್ರಿ. ಯಾಕ?"

"ಇದು ಹೋದ್ರ ನನ್ನ ಕೆಲಸಾನೂ ಹೋತು. ನೀವು ತಗೋಬಾರ್ದಂತ ನಂಬರ್ ಬದಲ ಮಾಡಿ ಅಳತಿ ಕೆಡಸಬೇಕಂದ್ರ ನನಗೇನು ದೊಡ್ಡದಿತ್ತು? ಸುಳ್ಳು ಹೇಳಿ ಉಳಿಸ್ಕೊಂಡ್ರ ದಿನಾ ಇದರ ಮುಂದ ಹೆಂಗ ನಿಂದರ್ಲಿ?"

ಗೊಮ್ಮಟೇಶನ ಮುಖ ಸಣ್ಣದಾಯಿತು. ಇಷ್ಟು ದಿನ ಯಾರನ್ನು ನೋಡಲು ಬಸ್ಸು ಹತ್ತಿ ಬರುತ್ತಿದ್ದನೋ, ಅವಳನ್ನೇ ಕಳ್ಳಿಯಂತೆ ಕಾದು ಕೂತಿದ್ದ.

"ನಿಮ್ಮನ್ನ ಉಪಾಸ ಕೆಡವಿದ್ನಿ, ತಪ್ಪಾತ್ರಿ," ಎಂದ. "ನಾಳೆ ಮುಂಜಾನೆ ಬರ್ತೀನಿ. ನಿಮ್ಮಪ್ಪಾರ ಮುಂದ ಕುಂತು ಮಶೀನ್ ಕೇಳ್ತೀನಿ. ಅದನ್ನ ನಡಸವ್ರನ್ನೂ ಕೇಳ್ತೀನಿ."

"ಕೆಲಸಕ್ಕೋ, ಮನಿಗೋ?"

"ಎರಡಕ್ಕೂ. ಮನಿಗೆ ಒಲ್ಲೆ ಅಂದ್ರೂ ಕೆಲಸ ನಿಮ್ದ."

ಅವಳು ಎಣ್ಣೆ ಕೈ ಒರೆಸಿಕೊಂಡಳು. ಹುಕ್ಕೇರಿ ಬಸ್ಸಿಗೆ ಹೊರಟವನು ಡಬ್ಬಿಗೆ ಕೈ ಚಾಚಿದಾಗ, ಅದನ್ನು ತನ್ನ ಕಡೆಗೆ ಎಳೆದುಕೊಂಡಳು.

"ಇದು ಇಲ್ಲೇ ಇರ್ಲಿ. ನಾಳೆ ಬಿಸಿ ರೊಟ್ಟಿ ಹಾಕಿ ಕೊಡ್ತೀನಿ," ಎಂದಳು. "ಅವಾಗರ ನನ್ನ ಕೈ ಕಾಯಬ್ಯಾಡ್ರಿ. ಉಣ್ರಿ."