ಎತ್ತರದಿಂದ ಹಾಕಿದ ನೀರು

"ಬೆರಳು ಕೊಡ್ರಿ... ಹೆದ್ರಬ್ಯಾಡ್ರಿ, ಇರುವೆ ಕಚ್ಚಿದಂಗೆ ಅಷ್ಟೇ."

ಮನೆಮನೆಗೆ ಬಂದು ರಕ್ತ ತೆಗೆಯುವ ಮಲೇರಿಯಾದವನ ದನಿ ಕೇಳಿ ಅಂಜನಾ ತಲೆ ಎತ್ತಿದಳು. ಎತ್ತಿದವಳೇ ಬಿಳಿಚಿಕೊಂಡಳು.

ತಿಪ್ಪೇಶ!

ಹುಟ್ಟೂರು ಸೊಕ್ಕೆಯ ಕೇರಿಯಲ್ಲಿ ಪಕ್ಕದ ಮನೆಯ ಹುಡುಗ. ಒಂದೇ ಬುಡ್ಡಿ ದೀಪದ ಮುಂದೆ ಅವಳ ಜೊತೆ ಮಗ್ಗಿ ಬಾಯಿಪಾಠ ಮಾಡಿದವನು. ಹೈಸ್ಕೂಲಿಗೆಂದು ಕತ್ತಲಗೆರೆಯ ಮಾವನ ಮನೆಗೆ ಹೋದವನು ಮತ್ತೆ ಕಂಡಿರಲಿಲ್ಲ. ಈಗ ಖಾಕಿ ಅಂಗಿ ತೊಟ್ಟು, ಹೊನ್ನಾಳಿಯ ಈ ಜಗಲಿಯ ಮೇಲೆ ಅವಳ ಬೆರಳು ಹಿಡಿದು ಕೂತಿದ್ದ!

"ಹೆಸ್ರು?"

"ಅಂ... ಅಂಜನಾ."

ಅವನ ಪೆನ್ನು ತುಸು ನಿಂತಿತು. ಅಂಜಿನಿ, ಅಂಜಿನಿ ಎಂದು ಕರೆದು ಬೆಳೆದವನಲ್ಲವೇ! ಆದರೂ ಅವಳು ಹೇಳಿದಂತೆಯೇ ಬರೆದುಕೊಂಡ.

ಇದು ೧೯೭೮ರ ಮಾತು. ಬಾಲವಾಡಿ ಟೀಚರ್ ಆಗಿ ಹೊನ್ನಾಳಿಗೆ ಬಂದಾಗ, ಕೇರಿಯವಳೆಂದು ನಿಜ ಹೇಳಿದ ಕಡೆಯಲ್ಲೆಲ್ಲ ಅವಳಿಗೆ ಕೋಣೆ ಸಿಗಲಿಲ್ಲ. ಕೊನೆಗೆ ಅಡಿಕೆ ವ್ಯಾಪಾರದ ಮನೆಯ ಕಸ್ತೂರಮ್ಮ "ಯಾವ ಪೈಕಿ?" ಎಂದಾಗ "ಗೌಡ್ರ ಪೈಕಿ" ಅಂದುಬಿಟ್ಟಳು. ಓಬಣ್ಣನ ಮಗಳು ಅಂಜಿನಮ್ಮ ಅಂದಿನಿಂದ ಅಂಜನಾ ಆದಳು. ಕಸ್ತೂರಮ್ಮನೋ, ಹೆತ್ತ ಮಗಳಂತೆ ಜಡೆ ಹಾಕುವರು, ಹತ್ತಿರ ಕೂರಿಸಿಕೊಂಡು ಬಡಿಸುವರು. ಒಂದು ಸುಳ್ಳಿಗೆ ಇಷ್ಟು ಸುಖ ಸಿಕ್ಕರೆ ಯಾರು ತಾನೇ ನಿಜ ಹೇಳುತ್ತಾರೆ, ನೀವೇ ಹೇಳಿ!

ಆ ದಿನ ಕಸ್ತೂರಮ್ಮನಿಗೂ ಮೈ ಬೆಚ್ಚಗಿತ್ತು. ಅವರ ಬೆರಳನ್ನೂ ಹಿಡಿದು ರಕ್ತ ತೆಗೆದು, ಇಬ್ಬರಿಗೂ ಮಾತ್ರೆ ಕೊಟ್ಟು ತಿಪ್ಪೇಶ ಎದ್ದ.

"ಅಮ್ಮಾ, ಕುಡಿಯಾಕೆ ಸ್ವಲ್ಪ ನೀರು ಕೊಡ್ರಿ."

"ಅದಕ್ಕೇನಪ್ಪ, ಕೊಡಾನ. ಯಾವ ಪೈಕಿಯೋರು ನೀವು?"

"ಕೇರಿಯೋನು ಕಣ್ರಮ್ಮ," ಅಂದ ಅವನು, ಊರ ಹೆಸರು ಹೇಳಿದಷ್ಟೇ ಸಲೀಸಾಗಿ.

ಕಸ್ತೂರಮ್ಮ ಬೆರಳನ್ನು ಸೆರಗಿಗೆ ಒರೆಸಿಕೊಂಡರು. "ಅಂಜನಾ, ಚೆಂಬು ತಗಂಬಾ. ಸ್ವಲ್ಪ ಎತ್ತರದಿಂದ ಹಾಕವ್ವ."

ಈಗಲಾದರೂ ಹೇಳು... ನಾನೂ ಅವನ ಕೇರಿಯವಳೇ ಅನ್ನು! ಮನಸ್ಸು ಕೂಗಿಕೊಂಡಿತು. ಕೈ ಮಾತ್ರ ಚೆಂಬು ಎತ್ತಿತು.

ತಿಪ್ಪೇಶ ಮೆಟ್ಟಿಲ ಕೆಳಗೆ ಬಗ್ಗಿ ನಿಂತು ಬೊಗಸೆ ಒಡ್ಡಿದ. ಅವಳು ಮೇಲಿನಿಂದ ಹಾಕಿದಳು. ಅರ್ಧ ನೀರು ಬಾಯಿಗೆ ಹೋಯಿತು, ಅರ್ಧ ಮೊಣಕೈಯಿಂದ ಸೋರಿ ಅಂಗಿ ನೆನೆಸಿತು.

"ಸಾಕ್ರಿ," ಅಂದ. ಒಮ್ಮೆಯೂ ಅವಳ ಮುಖ ನೋಡಲಿಲ್ಲ.

ಅಂದು ಅವಳಿಗೆ ತುತ್ತು ಇಳಿಯಲಿಲ್ಲ. ಜ್ವರದಿಂದ ಇರಬೇಕೆಂದು ಕಸ್ತೂರಮ್ಮ ಗಂಜಿ ಕಾಯಿಸಿಕೊಟ್ಟರು. ಆ ಗಂಜಿಯನ್ನೂ ಅವಳು ಹಾಗೇ ಮುಚ್ಚಿಟ್ಟಳು. ಜೊತೆಗೆ ಹಾಳು ಭಯ ಬೇರೆ... ಅವನು ಯಾರ ಮುಂದಾದರೂ ಬಾಯಿಬಿಟ್ಟರೆ?

ಮುಂದಿನ ಸರದಿಗೆ ಅವನು ಬೀದಿಗೆ ಬಂದಾಗ ಅವಳೇ ಹಿಂದೆ ಓಡಿದಳು. ಹೊಳೆಯ ದಾರಿಯಲ್ಲಿ ಸಿಕ್ಕಿದ.

"ತಿಪ್ಪೇಶ, ಯಾಕೆ ಸುಮ್ನಿದ್ದೀಯ? ನನ್ನ ಆಟ ಆಡಿಸ್ತಿದ್ದೀಯಾ?"

"ಆಟನಾ? ಇರಾಕೆ ಒಂದು ಕೋಣೆ ಸಿಕ್ಕೈತೆ ನಿಂಗೆ. ಅದನ್ನ ನಾನ್ಯಾಕೆ ಕಳೀಲಿ?" ಅವನು ನಕ್ಕ. ನಗು ಹೆಚ್ಚು ಹೊತ್ತು ನಿಲ್ಲಲಿಲ್ಲ. "ಅಂಥ ಮನೆಗಳಲ್ಲಿ ನಾನು ನೀರು ಕೇಳಲ್ಲ ಅಂಜಿನಿ. ಅವತ್ತು ನೀನು ಕೊಡ್ತೀಯ ಅಂತ ಕೇಳ್ದೆ."

ಅಲ್ಲೇ ಕ್ಷಮೆ ಕೇಳಬೇಕಿತ್ತು ಅವಳು. ಹೆದರಿದವರ ಬಾಯಲ್ಲಿ ಅಂಥ ಮಾತು ಬರಬೇಕಲ್ಲ!

"ಈ ಬೀದಿ ಬಿಟ್ಟು ಬೇರೆ ಕಡೆ ಹಾಕಿಸ್ಕೊಂಡು ಹೋಗು... ನಿನ್ನ ದಮ್ಮಯ್ಯ ಅಂತೀನಿ!"

ಅವನು ಅವಳನ್ನೇ ನೋಡಿದ. "ಆಗ್ಲಿ," ಅಂದ. ಅಷ್ಟೇ.

ಆಮೇಲೆ ಬಂದವನು ಪಾಪಣ್ಣ ಎಂಬ ವಯಸ್ಸಾದವನು. "ತಿಪ್ಪೇಶಪ್ಪ ನ್ಯಾಮತಿಗೆ ಹೋದ್ನವ್ವ. ತಾನೇ ಕೇಳಿ ಹಾಕಿಸ್ಕಂಡ. ಯಾಕೋ ಏನೋ."

ಅವಳಿಗೆ ನೆಮ್ಮದಿಯಾಗಬೇಕಿತ್ತು. ಬದಲಿಗೆ ಕೋಣೆಯ ಬಾಗಿಲು ಹಾಕಿಕೊಂಡು ಅತ್ತಳು. ತನ್ನನ್ನು ಅಂಜಿನಿ ಎಂದು ಕರೆಯಲು ಈ ಊರಲ್ಲಿ ಇದ್ದವನು ಒಬ್ಬನೇ. ಅವನನ್ನೂ ಓಡಿಸಿದೆನಲ್ಲ... ಅವನು ಬೆರಳು ಹಿಡಿದಾಗ ಎದೆ ಹೊಡೆದುಕೊಂಡದ್ದು ಬರೀ ಭಯಕ್ಕಲ್ಲ ಎಂದು ಆಗ ತಿಳಿಯಿತು.

ಒಂದು ಭಾನುವಾರ ಕಸ್ತೂರಮ್ಮ ಅವಳ ತಲೆ ಬಾಚುತ್ತಿದ್ದರು. "ನನ್ನ ಹೊಟ್ಟೇಲಿ ಹುಟ್ಟಿದೋರೂ ನಿನ್ನಷ್ಟು ಹಚ್ಕಂಡಿಲ್ಲ ಕಣವ್ವ."

ಇನ್ನು ತಡೆಯಲಾಗಲಿಲ್ಲ.

"ಅಮ್ಮಾ... ಅವತ್ತು ನಾನು ಎತ್ತರದಿಂದ ನೀರು ಹಾಕಿದ್ನಲ್ಲ, ಅವರ ಕೇರಿಯೋಳೇ ನಾನು. ನಿಮಗೆ ಸುಳ್ಳು ಹೇಳಿದ್ದೆ."

ಜಡೆಯಲ್ಲಿದ್ದ ಕೈ ನಿಂತಿತು.

"ನಿಜ ಹೇಳಿದ್ರೆ ನಾನು ಕೋಣೆ ಕೊಡ್ತಿರ್ಲಿಲ್ಲ," ಅಂದರು ಕಸ್ತೂರಮ್ಮ.

"ಗೊತ್ತಮ್ಮ. ಅದಕ್ಕೇ ಹೇಳ್ಲಿಲ್ಲ."

ಅವರು ಎದ್ದು ಒಳಗೆ ಹೋದರು. ಬೈಯಲಿಲ್ಲ, ಆದರೆ ಮತ್ತೆ ಹೊರಗೆ ಬರಲೂ ಇಲ್ಲ. ಅರ್ಧಕ್ಕೆ ನಿಂತ ಜಡೆಯನ್ನು ಅಂಜಿನಮ್ಮ ತಾನೇ ಹೆಣೆದುಕೊಂಡು ಟ್ರಂಕು ಕಟ್ಟಿದಳು.

ಹೊನ್ನಾಳಿಯ ಕೇರಿಯಲ್ಲಿ ಭೀಮಕ್ಕ ಎಂಬಾಕೆ ಮನೆಯ ಒಂದು ಮೂಲೆ ಬಿಟ್ಟುಕೊಟ್ಟಳು. ಸಂಜೆ ಒಲೆಯ ಮುಂದಿನಿಂದ ಕೂಗಿದಳು: "ಅಂಜಿನವ್ವಾ, ಮುದ್ದೆ ಆತು, ಬಾರೇ!" ಎಷ್ಟು ಸಾಮಾನ್ಯವಾದ ಕೂಗು! ಆದರೆ ಯಾರಾದರೂ ಕೇಳಿಸಿಕೊಂಡಾರು ಎಂದು ಬೆಚ್ಚದೆ ತನ್ನ ಹೆಸರಿಗೆ ಓಗೊಟ್ಟು ಎಷ್ಟು ಕಾಲವಾಗಿತ್ತು! ಹೊಟ್ಟೆ ತುಂಬಾ ಉಂಡಳು.

ಶನಿವಾರ ಬಾಲವಾಡಿ ಬಿಟ್ಟ ಮೇಲೆ ನ್ಯಾಮತಿಯ ಬಸ್ಸು ಹತ್ತಿದಳು. ಬೀದಿ ಬೀದಿ ವಿಚಾರಿಸುತ್ತ ಹೋದರೆ, ತಿಪ್ಪೇಶ ಒಂದು ಮನೆಯ ಗೋಡೆಯ ಮೇಲೆ ತಾನು ಬಂದುಹೋದ ತಾರೀಖು ಬರೆಯುತ್ತಿದ್ದ. ಹೋಗಿ ಬೆರಳು ಚಾಚಿದಳು.

"ಜ್ವರ ಐತಾ?" ಅಂದ ಅವನು, ತಿರುಗಿ ನೋಡಿ, ಅದೇ ಸರ್ಕಾರಿ ದನಿಯಲ್ಲಿ.

"ಇಲ್ಲ."

"ಜ್ವರ ಇಲ್ದೋರಿಗೆ ಚುಚ್ಚಲ್ಲ ನಾನು."

"ಹೆಸ್ರಾದ್ರೂ ಬರ್ಕೋ... ಅಂಜಿನಮ್ಮ. ಸೊಕ್ಕೆ ಓಬಣ್ಣನ ಮಗಳು. ಈಗ ಇರೋದು ಹೊನ್ನಾಳಿ ಕೇರಿಯ ಭೀಮಕ್ಕನ ಮನೇಲಿ. ಕಸ್ತೂರಮ್ಮಂಗೆ ಎಲ್ಲ ಹೇಳ್ದೆ."

ಅವನ ಕೈ ಗೋಡೆಯಿಂದ ಕೆಳಗಿಳಿಯಿತು.

"ಒಂದು ಕೋಣೆಗೋಸ್ಕರ ನಿನ್ನ ಬಗ್ಗಿಸಿದೆ ತಿಪ್ಪೇಶ. ಆಮೇಲೆ ಊರನ್ನೇ ಬಿಡಿಸಿದೆ. ಮಾಫಿ ಕೇಳಾಕೂ ಮುಖ ಇಲ್ಲ..."

"ಮರ್ತಿಲ್ಲ ನಾನು. ಸುಳ್ಳ್ಯಾಕೆ ಹೇಳ್ಲಿ?" ಅಂದ ಅವನು ಮೆಲ್ಲಗೆ. "ಬೇರೆ ಯಾರು ಹಂಗೆ ನೀರು ಹಾಕಿದ್ರೂ ತಡ್ಕಂತಿದ್ದೆ. ನೀನು ಹಾಕಿದ್ದು ತಡಿಯಾಕೆ ಆಗ್ಲಿಲ್ಲ."

ಅವಳು ಬಿಕ್ಕಿದಳು. ಅವನು ಸಮಾಧಾನ ಮಾಡಲಿಲ್ಲ. ಹೋಗಲೂ ಇಲ್ಲ. ಅಳು ಮುಗಿಯುವವರೆಗೆ ಪಕ್ಕದಲ್ಲೇ ನಿಂತ.

ಕಣ್ಣೊರೆಸಿಕೊಂಡು ಅವಳು ಚೀಲದಿಂದ ಚೆಂಬು ತೆಗೆದು ಬೀದಿಯ ನಲ್ಲಿಯಲ್ಲಿ ತುಂಬಿಸಿದಳು. ಅವನು ಅಭ್ಯಾಸಬಲದಿಂದ ಬಗ್ಗಿ ಬೊಗಸೆ ಒಡ್ಡಿದ.

"ಬಗ್ಗಬ್ಯಾಡ!" ಬೊಗಸೆ ಬಿಡಿಸಿ ಚೆಂಬನ್ನೇ ಅವನ ಕೈಗಿಟ್ಟಳು.

ಅವನು ಚೆಂಬಿಗೆ ತುಟಿ ಹಚ್ಚಿ, ಕಚ್ಚಿಯೇ ಕುಡಿದ. ಉಳಿದದ್ದನ್ನು ಅವಳಿಗೆ ಚಾಚಿದ. ಅವಳೂ ಕಚ್ಚಿಯೇ ಕುಡಿದಳು.

"ಸಾಕಾ?" ಕೇಳಿದಳು.

"ಇವತ್ತಿಗೆ ಸಾಕು." ಅವನ ಕಣ್ಣು ತುಂಬಿತ್ತು. "ಆದ್ರೆ ಕೆಲ್ಸ ಮುಗ್ಸಿ ಬಂದಾಗ ದಿನಾ ಬಾಯಾರಿರ್ತೈತೆ, ಅಂಜಿನಿ..."

"ಅದಕ್ಕೇ ಅಲ್ವೇನೋ ದಡ್ಡ, ಚೆಂಬು ಹೊತ್ಕೊಂಡು ಬಂದಿರೋದು!"